ಬಾಯಿ ಬಿಡದ ಮೀನು

ಲಿಫ್ಟ್ ಕಂಪನಿಯಲ್ಲಿ ಅವನಿಗೆ ಬುಗುರಿ ಎಂದು ಹೆಸರು ಬಿದ್ದು ಇಪ್ಪತ್ತೈದು ವರ್ಷವಾಗಿತ್ತು. ಮ್ಯಾನೇಜರರಿಂದ ಹಿಡಿದು ವಾಚ್‌ಮನ್‌ವರೆಗೆ ಎಲ್ಲರೂ ಹಾಗೇ ಕರೆಯುತ್ತಿದ್ದರು, ಅವನೂ ಓಗೊಡುತ್ತಿದ್ದ. ನಿಂತಲ್ಲಿ ನಿಲ್ಲದ, ಕೂತಲ್ಲಿ ಕೂರದ ಜೀವ. ಟೀ ಕುಡಿಯುವಾಗಲೂ ಲೋಟ ಹಿಡಿದುಕೊಂಡು ಹತ್ತು ಹೆಜ್ಜೆ ಆಚೆ, ಹತ್ತು ಹೆಜ್ಜೆ ಈಚೆ. ಸಿನಿಮಾಕ್ಕೆ ಹೋದರೆ ಇಂಟರ್ವೆಲ್ ಬರುವುದರೊಳಗೆ ಎರಡು ಸಲ ಎದ್ದು ಹೊರಗೆ ಹೋಗಿ ಬಂದಾಗಿರುತ್ತಿತ್ತು. ಅವನ ಕೆಲಸಕ್ಕೆ ಮಾತ್ರ ಆ ಗುಣ ಹೇಳಿ ಮಾಡಿಸಿದಂತಿತ್ತು. ದಿನಕ್ಕೆ ಏಳೆಂಟು ಕಟ್ಟಡ. ಮೇಲೆ ಮೋಟರ್ ಕೋಣೆಗೆ ಹತ್ತುವುದು, ಕೆಳಗೆ ಗುಂಡಿಗೆ ಇಳಿಯುವುದು, ಬ್ರೇಕ್ ನೋಡುವುದು, ಬಾಗಿಲಿನ ಗಾಲಿ ಬದಲಿಸುವುದು, ಸಹಿ ಹಾಕಿಸಿಕೊಂಡು ಮುಂದಿನ ಕಟ್ಟಡಕ್ಕೆ ಓಡುವುದು.

ಐವತ್ತನಾಲ್ಕನೇ ವಯಸ್ಸಿನಲ್ಲಿ ಒಂದು ಬೆಳಿಗ್ಗೆ, ಗುಂಡಿಗೆ ಇಳಿಯುವ ಕಬ್ಬಿಣದ ಏಣಿಯ ಕೊನೆಯ ಮೂರು ಮೆಟ್ಟಿಲನ್ನು ಒಂದೇ ಹೆಜ್ಜೆಯಲ್ಲಿ ದಾಟಲು ಹೋಗಿ ಬಿದ್ದ. ಬಲಭುಜ ಎರಡು ಕಡೆ ಮುರಿಯಿತು. ಒಂದು ವರ್ಷ ಹತ್ತುವುದೂ ಇಲ್ಲ, ಇಳಿಯುವುದೂ ಇಲ್ಲ, ಭಾರ ಎತ್ತುವ ಮಾತೇ ಇಲ್ಲ ಎಂದು ಡಾಕ್ಟರು ಕಡ್ಡಿ ಮುರಿದ ಹಾಗೆ ಹೇಳಿಬಿಟ್ಟರು. ಕಂಪನಿಯವರು ಅವನನ್ನು ತುರ್ತು ಕರೆಗಳ ಮೇಜಿಗೆ ಹಾಕಿದರು. ಲಿಫ್ಟಿನೊಳಗೆ ಸಿಕ್ಕಿಕೊಂಡವರು ತುರ್ತು ಬಟನ್ ಒತ್ತಿದರೆ ಆ ಕರೆ ನೇರ ಅಲ್ಲಿಗೆ ಬರುತ್ತದೆ. ಗಾಬರಿಯಾಗಬೇಡಿ, ಬಾಗಿಲು ತಳ್ಳಬೇಡಿ, ಗಾಳಿ ಬೇಕಾದಷ್ಟಿದೆ, ನಮ್ಮವರು ಹೊರಟಿದ್ದಾರೆ ಎನ್ನಬೇಕು. ದಿನವಿಡೀ ಕುರ್ಚಿಗೆ ಅಂಟಿಕೊಂಡು, ಕಿವಿಗೆ ಹೆಡ್‌ಫೋನು ಹಾಕಿಕೊಂಡು, ಬೇರೆಯವರಿಗೆ ಸುಮ್ಮನಿರಿ ಸುಮ್ಮನಿರಿ ಎಂದು ಹೇಳುವ ಕೆಲಸ. ಮೊದಲ ವಾರವೇ ಆ ಕುರ್ಚಿಯ ಒಂದು ಗಾಲಿ ಕಿತ್ತುಬಂತು.

ಮನೆಯಲ್ಲೂ ನೆಮ್ಮದಿಯಿರಲಿಲ್ಲ. ಎಂಟು ತಿಂಗಳ ಹಿಂದೆ ಅತ್ತೆಗೆ ಪಾರ್ಶ್ವವಾಯು ಹೊಡೆದು ಎಡಗೈ, ಎಡಗಾಲು ಸೋತಿದ್ದವು. ಒಬ್ಬಳೇ ಮಗಳು, ಅವಳ ಮನೆಯೇ ಗತಿ. ಅವರು ಬಂದು ಹಾಲಿನ ಕಿಟಕಿಯ ಪಕ್ಕ ಒಂದು ಕುರ್ಚಿ ಹಾಕಿಸಿಕೊಂಡು ಕೂತವರು ಬೆಳಿಗ್ಗೆಯಿಂದ ಸಂಜೆವರೆಗೆ ಕದಲುತ್ತಿರಲಿಲ್ಲ. ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಮೂವತ್ತೊಂದು ವರ್ಷ ಕೂತು ಕೆಲಸ ಮಾಡಿದವರು. ಕೂರುವುದರಲ್ಲಿ ಅವರದ್ದು ಎತ್ತಿದ ಕೈ. ಅಳಿಯನಿಗೂ ಅವರಿಗೂ ಜಗಳವಾದದ್ದು ಯಾರೂ ಕಂಡಿಲ್ಲ, ಸಲಿಗೆಯಿಂದ ಮಾತಾಡಿದ್ದನ್ನೂ ಕಂಡಿಲ್ಲ. ಮದುವೆಯಾದ ಹೊಸದರಲ್ಲಿ ಅತ್ತೆಮನೆಗೆ ಊಟಕ್ಕೆ ಹೋದವನು ಮಧ್ಯದಲ್ಲೇ ಎದ್ದು ಬಚ್ಚಲಿನ ನಲ್ಲಿ ಬಿಚ್ಚಿದ್ದ. ಆ ನಲ್ಲಿ ಅಲ್ಲಿಯವರೆಗೆ ಸೋರುತ್ತಿರಲಿಲ್ಲ, ಅವತ್ತಿನಿಂದ ಸೋರತೊಡಗಿತು. ಅತ್ತೆ ಆ ಬಗ್ಗೆ ಒಂದು ಮಾತೂ ಆಡಲಿಲ್ಲ. ಆಡಲಿಲ್ಲವೆನ್ನುವುದೇ ಅವನನ್ನು ಇಪ್ಪತ್ತೆಂಟು ವರ್ಷದಿಂದ ಕೊರೆಯುತ್ತಿತ್ತು.

ಹೀಗಿರುವಾಗ ಒಬ್ಬ ಹಲ್ಲಿನ ಡಾಕ್ಟರು ಕ್ಲಿನಿಕ್ ಮುಚ್ಚಿದರು. ಅವರ ಕಟ್ಟಡದ ಲಿಫ್ಟನ್ನು ಇವನು ಹದಿನೈದು ವರ್ಷ ನೋಡಿಕೊಂಡಿದ್ದ. ರೋಗಿಗಳು ಕಾಯುವ ಜಾಗದಲ್ಲಿ ಒಂದು ಗಾಜಿನ ತೊಟ್ಟಿಯಿತ್ತು, ಸಮುದ್ರದ ಮೀನು ಸಾಕುವಂಥದ್ದು. ಮೀನುಗಳನ್ನು ಆಗಲೇ ಯಾರಿಗೋ ಕೊಟ್ಟಾಗಿತ್ತು. ತೊಟ್ಟಿ ನೀನು ತಗೊಂಡು ಹೋಗು, ಕೈಗೆ ಕೆಲಸವಿರುತ್ತದೆ ಎಂದರು ಡಾಕ್ಟರು. ಕೈಗೆ ಕೆಲಸ ಎಂಬ ಮಾತು ಕೇಳಿದ್ದೇ ತಡ, ಅವನು ಮುಂದಿನದ್ದೇನೂ ಕೇಳಿಸಿಕೊಳ್ಳಲಿಲ್ಲ. ತೊಟ್ಟಿ ಮನೆಗೆ ಬಂತು. ಹಾಲಿನಲ್ಲಿ ಅದಕ್ಕೆ ಜಾಗವಿದ್ದದ್ದು ಒಂದೇ ಕಡೆ, ಅತ್ತೆಯ ಕುರ್ಚಿಯ ಎದುರಿಗೆ.

ಸಮುದ್ರದ ತೊಟ್ಟಿಯೆಂದರೆ ನಲ್ಲಿ ನೀರು ಹಿಡಿದು ಮೀನು ಬಿಡುವಂಥದ್ದಲ್ಲ ಎಂದು ಅವನಿಗೆ ತಿಳಿದದ್ದು ಮೀನಿನಂಗಡಿಗೆ ಹೋದ ಮೇಲೆ. ಅಂಗಡಿ ನಡೆಸುವವಳು ನಲವತ್ತರ ಆಸುಪಾಸಿನ ಹೆಂಗಸು, ಮೊಣಕೈವರೆಗೂ ತೋಳು ಮಡಚಿಕೊಂಡು ಯಾವಾಗಲೂ ಒಂದು ಕೈ ನೀರಿನಲ್ಲೇ ಇಟ್ಟಿರುತ್ತಿದ್ದಳು. ಶುದ್ಧ ಮಾಡಿದ ನೀರಿಗೆ ಅದಕ್ಕೆಂದೇ ಬರುವ ಉಪ್ಪು ಕಲಸಬೇಕು, ಉಪ್ಪಿನ ಹದವನ್ನು ಮೀಟರಿನಲ್ಲಿ ನೋಡಬೇಕು, ಬಿಸಿ ಇಪ್ಪತ್ತಾರು ಡಿಗ್ರಿ ದಾಟಬಾರದು, ಪಂಪು ಒಂದು ಗಳಿಗೆಯೂ ನಿಲ್ಲಬಾರದು. ಇಷ್ಟು ಹೇಳಿ, ಆಮೇಲೆ ಆರು ವಾರ ಸುಮ್ಮನಿರಿ ಎಂದಳು.

ಯಾಕೆ ಎಂದು ಕೇಳಿದ.

ಮೀನಿನ ಕೊಳೆಯನ್ನು ಅರಗಿಸುವ ಸೂಕ್ಷ್ಮಜೀವಿಗಳು ಕಲ್ಲಿನಲ್ಲೂ ಮರಳಿನಲ್ಲೂ ಬೆಳೆಯಬೇಕು, ಅದಕ್ಕೆ ಮುಂಚೆ ಮೀನು ಬಿಟ್ಟರೆ ಸಾಯುತ್ತದೆ, ಬೆಳೆಸಲು ನೀವು ಮಾಡಬೇಕಾದ್ದು ಏನೂ ಇಲ್ಲ ಎಂದಳು. ಏನೂ ಇಲ್ಲ ಎನ್ನುವುದನ್ನು ಅವಳು ಒತ್ತಿ ಹೇಳಿದಳು. ಗಿರಾಕಿಯ ಕಾಲು ನೆಲ ತಟ್ಟುತ್ತಿದ್ದುದನ್ನು ಆಗಲೇ ನೋಡಿದ್ದಳು ಅನ್ನಿಸುತ್ತದೆ.

ಆ ಆರು ವಾರ ಮನೆಮಂದಿಗೆಲ್ಲ ಕಷ್ಟಕಾಲ. ಕಲ್ಲನ್ನು ಎಡಕ್ಕೆ ಸರಿಸಿದ, ಬಲಕ್ಕೆ ಸರಿಸಿದ. ಪಂಪಿನ ಬಾಯಿ ಮೇಲಕ್ಕೆ ತಿರುಗಿಸಿದ, ಕೆಳಕ್ಕೆ ತಿರುಗಿಸಿದ. ಉಪ್ಪಿನ ಮೀಟರಿನಲ್ಲಿ ದಿನಕ್ಕೆ ಐದು ಸಲ ಕಣ್ಣಿಟ್ಟು ನೋಡಿದ. ಹೆಂಡತಿ ಆಸ್ಪತ್ರೆಯೊಂದರ ಲಾಂಡ್ರಿಯಲ್ಲಿ ಮೇಲ್ವಿಚಾರಕಿ. ದಿನವಿಡೀ ದೈತ್ಯ ಯಂತ್ರಗಳ ಗರಗರ ಕೇಳಿ ಬಂದವಳಿಗೆ ಮನೆಯಲ್ಲೂ ಪಂಪಿನ ಗರಗರ. ಖಾಲಿ ನೀರಿಗೆ ಇಷ್ಟು ಸೇವೆ ಮಾಡುವವರನ್ನು ನಾನು ನೋಡಿಲ್ಲ ಎಂದು ನಕ್ಕು ಒಳಗೆ ಹೋಗುತ್ತಿದ್ದಳು. ಅತ್ತೆ ನಗುತ್ತಿರಲಿಲ್ಲ. ಅವರು ಆ ಖಾಲಿ ನೀರನ್ನು ನೋಡುತ್ತಾ ಕೂತಿರುತ್ತಿದ್ದರು. ನಾಲ್ಕನೇ ವಾರ ಒಂದು ದಿನ, ಕಲ್ಲಿನ ಮೇಲೆ ಕಂದು ಬಣ್ಣದ ಪಾಚಿ ಕಟ್ಟುತ್ತಿದೆ, ಎಡಗಡೆ ಜಾಸ್ತಿ ಎಂದರು. ಅವನು ಹೋಗಿ ನೋಡಿದ. ನಿಜವಾಗಿತ್ತು. ಐದು ಸಲ ಮೀಟರು ನೋಡಿದವನ ಕಣ್ಣಿಗೆ ಅದು ಬಿದ್ದಿರಲಿಲ್ಲ.

ಏಳನೇ ವಾರ ಅಂಗಡಿಯವಳು ಎರಡು ಕಾರ್ಡಿನಲ್ ಮೀನು ಕೊಟ್ಟಳು. ಹೆಬ್ಬೆರಳಿನಷ್ಟು ಉದ್ದ, ಬೆಳ್ಳಿ ಮೈ, ಅಡ್ಡಡ್ಡ ಮೂರು ಕಪ್ಪು ಪಟ್ಟೆ, ಕಪ್ಪು ರೆಕ್ಕೆಗಳ ತುಂಬ ಬಿಳಿ ಚುಕ್ಕೆ. ಬಹಳ ಸಾಧು ಮೀನು, ಯಾರ ತಂಟೆಗೂ ಹೋಗುವುದಿಲ್ಲ, ತೊಟ್ಟಿಯಲ್ಲೇ ಹುಟ್ಟಿ ಬೆಳೆದದ್ದು ಎಂದಳು. ಜೊತೆಗೆ ಒಂದು ಮುಳ್ಳಿನ ಚೆಂಡಿನಂಥ ಜೀವಿಯನ್ನೂ ಕೊಟ್ಟಳು, ಗೇಣುದ್ದದ ಕಪ್ಪು ಮುಳ್ಳುಗಳದ್ದು. ಈ ಮೀನುಗಳು ಹೆದರಿದರೆ ಅದರ ಮುಳ್ಳುಗಳ ನಡುವೆ ಹೋಗಿ ನಿಲ್ಲುತ್ತವಂತೆ. ಅತ್ತೆ ಅದಕ್ಕೆ ಸೂಜಿಡಬ್ಬಿ ಎಂದು ಹೆಸರಿಟ್ಟರು.

ಮೀನು ಬಂತು ಎಂದರೆ ಓಡಾಡುತ್ತದೆ, ನೋಡುತ್ತಾ ಹೊತ್ತು ಹೋಗುತ್ತದೆ ಎಂದುಕೊಂಡಿದ್ದ ಬುಗುರಿ. ಈ ಮೀನುಗಳೋ, ನೀರಿನ ನಡುವೆ ದಾರದಿಂದ ತೂಗುಬಿಟ್ಟ ಹಾಗೆ ನಿಂತೇ ಇರುತ್ತಿದ್ದವು. ರೆಕ್ಕೆ ಆಡಿತೋ ಇಲ್ಲವೋ ಅನ್ನುವಷ್ಟು. ಅವನು ಗಾಜಿಗೆ ಮೂಗು ತಾಗಿಸಿ, ಆ ಕಡೆಯಿಂದ ಈ ಕಡೆಯಿಂದ ನೋಡಿ, ಇವಕ್ಕೆ ಏನೋ ಆಗಿದೆ ಎಂದು ತೀರ್ಮಾನಿಸಿ ಮೊದಲ ವಾರದಲ್ಲೇ ಮೂರು ಸಲ ಅಂಗಡಿಗೆ ಹೋಗಿ ಬಂದ. ಏನೂ ಆಗಿರಲಿಲ್ಲ. ಅವುಗಳ ಸ್ವಭಾವವೇ ಅದು.

ಮೂರು ತಿಂಗಳು ಕಳೆದ ಮೇಲೆ ನಿಜವಾಗಿಯೂ ಏನೋ ಆಯಿತು. ಎರಡರಲ್ಲಿ ದೊಡ್ಡದು ತಿನ್ನುವುದನ್ನು ಬಿಟ್ಟಿತು. ಮಂಜುಗಟ್ಟಿಸಿದ ಪುಟ್ಟ ಸಿಗಡಿ ಹಾಕಿದರೆ ಇನ್ನೊಂದು ಗುಳಕ್ಕನೆ ನುಂಗುತ್ತಿತ್ತು. ಇದು ಮುಖ ತಿರುಗಿಸಿ ಮೂಲೆಗೆ ಹೋಗುತ್ತಿತ್ತು. ಒಂದು ದಿನ, ಎರಡು ದಿನ, ನಾಲ್ಕು ದಿನ. ಅವನಿಗೆ ಮುಳ್ಳಿನ ಮೇಲೆ ಕೂತಂತಾಯಿತು. ಕಚೇರಿಯಲ್ಲಿ ಒಬ್ಬ ಗಿರಾಕಿಗೆ, ಗಾಬರಿಯಾಗಬೇಡಿ, ತಿನ್ನುವುದನ್ನು ಬಿಟ್ಟು ಎಷ್ಟು ದಿನವಾಯಿತು ಎಂದು ಕೇಳಿಬಿಟ್ಟ. ಐದನೆಯ ದಿನ ಭಾನುವಾರ. ಬಕೆಟ್ಟಿನಲ್ಲಿ ಉಪ್ಪುನೀರು ಕಲಸಿ, ಔಷಧಿ ಬಾಟಲಿ ಮೇಜಿನ ಮೇಲಿಟ್ಟು, ಬಲೆ ಹಿಡಿದು ಸ್ಟೂಲು ಹತ್ತಿದ.

"ಬೇಡ" ಎಂದರು ಅತ್ತೆ.

ಅವನು ತಿರುಗಿ ನೋಡಿದ. ಅವರು ಅವನಿಗೆ ಯಾವುದನ್ನೂ ಬೇಡ ಎಂದವರಲ್ಲ.

"ಅದಕ್ಕೆ ಕಾಯಿಲೆಯಿಲ್ಲ. ಬಾಯಲ್ಲಿ ಏನೋ ಇಟ್ಕೊಂಡಿದೆ. ಐದು ದಿನದಿಂದ ನೋಡ್ತಿದ್ದೀನಿ, ಗಲ್ಲ ಉಬ್ಬಿದೆ. ಆಗಾಗ ಬಾಯಿ ಅರ್ಧ ತೆಗೆದು ಒಳಗಿರೋದನ್ನ ಹೊರಳಿಸುತ್ತೆ, ಮತ್ತೆ ಮುಚ್ಚಿಕೊಳ್ಳುತ್ತೆ."

"ಗಂಟಲಲ್ಲಿ ಕಲ್ಲು ಸಿಕ್ಕಿಕೊಂಡಿರಬಹುದು ಅತ್ತೆ. ತೆಗೀದಿದ್ರೆ ಸತ್ತುಹೋಗುತ್ತೆ."

"ಸಿಕ್ಕಿಕೊಂಡಿದ್ರೆ ಉಗುಳೋಕೆ ನೋಡ್ತಿತ್ತು. ಅದು ಉಗುಳ್ತಿಲ್ಲ, ಜೋಪಾನ ಮಾಡ್ತಿದೆ. ಮೊದಲು ಆ ಅಂಗಡಿಯವಳನ್ನ ಕೇಳಿ. ಬಲೆ ಎಲ್ಲಿಗೂ ಓಡಿಹೋಗಲ್ಲ."

ಅವನು ಸ್ಟೂಲಿನ ಮೇಲೆ ನಿಂತೇ ಫೋನು ಮಾಡಿದ. ಅಂಗಡಿಯವಳು ಎರಡು ಪ್ರಶ್ನೆ ಕೇಳಿ ನಕ್ಕಳು. ಈ ಜಾತಿಯಲ್ಲಿ ಹೆಣ್ಣು ಮೊಟ್ಟೆ ಇಟ್ಟ ತಕ್ಷಣ ಗಂಡು ಅದನ್ನು ಬಾಯಲ್ಲಿ ತುಂಬಿಕೊಳ್ಳುತ್ತದೆ. ಮೊಟ್ಟೆಯೊಡೆದ ಮೇಲೂ ಮರಿಗಳನ್ನು ಬಾಯಲ್ಲೇ ಇಟ್ಟುಕೊಂಡು, ಹೆಚ್ಚು ಕಡಿಮೆ ಒಂದು ತಿಂಗಳು ಏನೂ ತಿನ್ನದೆ ಇರುತ್ತದೆ. ಈಗ ಬಲೆ ಹಾಕಿದರೆ ಹೆದರಿ ಎಲ್ಲ ಉಗುಳಿಬಿಡುತ್ತದೆ, ಇಲ್ಲವೇ ನುಂಗಿಬಿಡುತ್ತದೆ. ನೀವು ಮಾಡಬೇಕಾದ್ದು ಏನೂ ಇಲ್ಲ ಎಂದಳು ಮತ್ತೆ.

ಅವನು ಸ್ಟೂಲಿನಿಂದ ಇಳಿದು ಹೇಳಿದ್ದನ್ನೆಲ್ಲ ಕೇಳಿದ ಅತ್ತೆ, "ಒಬ್ಬ ಗಂಡಸು ತಿಂಗಳುಗಟ್ಟಲೆ ಬಾಯಿ ಮುಚ್ಚಿಕೊಂಡಿರೋದನ್ನ ನಾನು ಇದೇ ಮೊದಲು ನೋಡ್ತಿರೋದು" ಎಂದರು. ಒಳಗಿನಿಂದ ಮಗಳು ಜೋರಾಗಿ ನಕ್ಕಳು. ಅವನಿಗೂ ನಗು ಬಂತು, ಆದರೆ ಅತ್ತೆ ತಮಾಷೆ ಮಾಡಿದರೋ ಚುಚ್ಚಿದರೋ ಗೊತ್ತಾಗಲಿಲ್ಲ.

ಅಂದಿನಿಂದ ಇಬ್ಬರ ನಡುವೆ ಮಾತಿಗೊಂದು ವಿಷಯ ಸಿಕ್ಕಿತು. ಅವನು ಕೆಲಸದಿಂದ ಬಂದವನು ಶೂ ಬಿಚ್ಚುವ ಮೊದಲೇ ಹೇಗಿದೆ ಎನ್ನುತ್ತಿದ್ದ. ಅತ್ತೆ ಎಕ್ಸ್‌ಚೇಂಜಿನಲ್ಲಿ ಪಾಳಿ ಒಪ್ಪಿಸುವ ಹಾಗೆ ಒಪ್ಪಿಸುತ್ತಿದ್ದರು: ಹತ್ತು ಗಂಟೆಗೆ ಸೂಜಿಡಬ್ಬಿಯ ಹತ್ತಿರ ಹೋಯಿತು, ಹನ್ನೆರಡಕ್ಕೆ ಹೆಣ್ಣು ಹತ್ತಿರ ಬಂದರೆ ಓಡಿಸಿತು, ಮೂರಕ್ಕೆ ಬಾಯಿ ಹೊರಳಿಸಿತು. ಅವನು ಕೇಳುತ್ತಾ ಹಾಲಿನ ಆ ತುದಿಯಿಂದ ಈ ತುದಿಗೆ ನಡೆಯುತ್ತಿದ್ದ. ದಿನದಿನಕ್ಕೆ ಮೀನಿನ ಹೊಟ್ಟೆ ಒಳಕ್ಕೆ ಹೋಗಿ ಬೆನ್ನು ಚೂಪಾಗುತ್ತಿತ್ತು. ಅದನ್ನು ನೋಡಿ ಅವನು ಅರ್ಧ ಊಟಕ್ಕೇ ಏಳುತ್ತಿದ್ದ. ಕೈ ಸುಮ್ಮನಿರಬೇಕಲ್ಲ? ಗಡಿಯಾರ ಬಿಚ್ಚಿ ಜೋಡಿಸಿದ. ಇಸ್ತ್ರಿಪೆಟ್ಟಿಗೆ ಬಿಚ್ಚಿ ಜೋಡಿಸಿದ. ಇಪ್ಪತ್ತೇಳನೆಯ ದಿನ ಬೆಳಿಗ್ಗೆ, ಕರೆಂಟು ಹೋದಾಗ ತೊಟ್ಟಿಗೆ ಗಾಳಿ ಊದಲೆಂದು ತಂದಿಟ್ಟಿದ್ದ ಬ್ಯಾಟರಿ ಪಂಪನ್ನೂ, ಅದು ಜಾಸ್ತಿ ಸದ್ದು ಮಾಡುತ್ತದೆ ಎಂದು ಬಿಚ್ಚಿದ. ಅದನ್ನು ಜೋಡಿಸುವ ಮೊದಲೇ ಕೆಲಸಕ್ಕೆ ಹೊರಡುವ ವೇಳೆಯಾಯಿತು.

ಅವತ್ತೇ ಮಧ್ಯಾಹ್ನ ಹನ್ನೆರಡೂವರೆಗೆ ಕರೆಂಟು ಹೋಯಿತು. ಒಂದು ಬೀದಿಯದ್ದಲ್ಲ, ಅರ್ಧ ಊರಿನದ್ದು. ಎಲ್ಲೋ ದೊಡ್ಡ ಟ್ರಾನ್ಸ್‌ಫಾರ್ಮರು ಸುಟ್ಟಿತ್ತಂತೆ. ಹೊಸ ಲಿಫ್ಟುಗಳು ಬ್ಯಾಟರಿಯಲ್ಲಿ ಹತ್ತಿರದ ಮಹಡಿಗೆ ಬಂದು ಬಾಗಿಲು ತೆರೆದುಕೊಳ್ಳುತ್ತವೆ. ಹಳೆಯವು ಇದ್ದಲ್ಲೇ ನಿಲ್ಲುತ್ತವೆ. ಐದು ನಿಮಿಷದಲ್ಲಿ ಅವನ ಮೇಜಿನ ಮೇಲೆ ಒಂಬತ್ತು ದೀಪ ಮಿನುಗುತ್ತಿದ್ದವು. ಒಬ್ಬ ತುಂಬು ಗರ್ಭಿಣಿ, ಒಬ್ಬ ಉಸಿರು ಕಟ್ಟುತ್ತಿದೆ ಎನ್ನುವ ವಕೀಲರು, ಹಾಸಿಗೆ ಸಾಗಿಸುತ್ತಿದ್ದ ಇಬ್ಬರು ಕೂಲಿಗಳು. ಒಬ್ಬೊಬ್ಬರಿಗೂ ಅದೇ ಮಾತು ಹೇಳುತ್ತಾ, ಯಾವ ಮೆಕ್ಯಾನಿಕ್ ಎಲ್ಲಿದ್ದಾನೆ ಎಂದು ನೋಡಿ ಕಳಿಸುತ್ತಾ ಇದ್ದವನು ಹತ್ತನೆಯ ದೀಪ ಒತ್ತಿದ.

"ಯಾವ ಕಟ್ಟಡ, ಎಷ್ಟನೇ ಮಹಡಿ ಹೇಳಿ" ಎಂದ.

"ನೆಲಮಹಡಿ. ನಾನು ನಿಮ್ಮ ಅತ್ತೆ. ಪಂಪು ನಿಂತು ಇಪ್ಪತ್ತು ನಿಮಿಷ ಆಯ್ತು."

ಕೆಲಸದ ಹೊತ್ತಿನಲ್ಲಿ ಸ್ವಂತ ಫೋನನ್ನು ಡ್ರಾಯರಿನಲ್ಲಿಡುವುದು ಅಲ್ಲಿಯ ನಿಯಮ. ಅವರು ಎರಡು ಸಲ ಅದಕ್ಕೆ ಮಾಡಿ, ಆಮೇಲೆ ಅವನ ಕೆಲಸದ ಅಂಗಿಯ ಬೆನ್ನ ಮೇಲೆ ಅಚ್ಚು ಹಾಕಿದ್ದ ತುರ್ತು ನಂಬರನ್ನು ನೆನಪಿನಿಂದಲೇ ಒತ್ತಿದ್ದರು. ಬ್ಯಾಟರಿ ಪಂಪು ಎಲ್ಲಿದೆ ಎಂದು ಕೇಳಿದರು. ಅಡುಗೆಮನೆ ಮೇಜಿನ ಮೇಲಿದೆ, ಹದಿನಾಲ್ಕು ಚೂರಾಗಿದೆ ಎಂದು ಒಪ್ಪಿಕೊಂಡ. ನಲ್ಲಿಯ ವಿಚಾರ ಈಗ ಬರುತ್ತದೆ ಎಂದುಕೊಂಡ. ಬರಲಿಲ್ಲ.

"ಸರಿ. ಈಗ ನಾನು ಏನು ಮಾಡ್ಲಿ, ಅದನ್ನ ಹೇಳಿ."

"ಜಗ್ಗು ತಗೊಳ್ಳಿ ಅತ್ತೆ. ತೊಟ್ಟಿ ನೀರನ್ನೇ ಮೊಗೆದು ಒಂದು ಮೊಳ ಎತ್ತರದಿಂದ ಸುರೀಬೇಕು, ಗಾಳಿ ಸೇರೋಕೆ. ಮೀನಿನ ಕಡೆ ಬೇಡ, ಎದುರು ಮೂಲೇಲಿ. ನಿಧಾನವಾಗಿ. ನಿಮ್ಮ ಕೈಲಿ ಆಗುತ್ತಾ?"

"ಒಂದು ಕೈ ಇದೆಯಲ್ಲ. ನೀವು ಆ ಲಿಫ್ಟಿನವರನ್ನ ನೋಡ್ಕೊಳ್ಳಿ. ಲೈನ್ ಬಿಡ್ತೀನಿ, ಬೇರೆಯವರಿಗೆ ಬೇಕಾಗುತ್ತೆ" ಎಂದು ಅವರೇ ಇಟ್ಟರು.

ಮುಂದಿನ ಮೂರು ಗಂಟೆ ಅವನು ಹೇಗೆ ಕಳೆದ ಎಂದು ಅವನಿಗೇ ತಿಳಿಯದು. ಎದ್ದು ಓಡೋಣ ಎಂದರೆ ಒಂಬತ್ತು ದೀಪ. ಮನೆ ಆರು ಮೈಲಿ ದೂರ. ಹೆಂಡತಿಯ ಆಸ್ಪತ್ರೆ ಊರಿನ ಇನ್ನೊಂದು ತುದಿಯಲ್ಲಿ. ಹೆಡ್‌ಫೋನಿನ ವಯರು ಎಷ್ಟು ಉದ್ದವೋ ಅಷ್ಟು ದೂರ ಮೇಜಿನ ಸುತ್ತ ನಡೆದ, ಗೂಟಕ್ಕೆ ಕಟ್ಟಿದ ಕರುವಿನ ಹಾಗೆ. ಗರ್ಭಿಣಿಯನ್ನು ಹೊರಗೆ ತೆಗೆದರು, ದೀಪ ಆರಿತು. ವಕೀಲರನ್ನು ತೆಗೆದರು. ಕೂಲಿಗಳು ಹಾಸಿಗೆ ಹಾಸಿಕೊಂಡು ಮಲಗಿದ್ದೇವೆ, ನಿಧಾನ ಬನ್ನಿ ಎಂದರು. ಒಂದೊಂದು ದೀಪ ಆರಿದಾಗಲೂ ಅವನ ಕಣ್ಣಿಗೆ ಸೋತ ಕಾಲಿನ ಮೇಲೆ ನಿಂತು ಜಗ್ಗು ಎತ್ತುವ ಮುದುಕಿ ಕಾಣುತ್ತಿದ್ದರು. ಆ ನೆಲ ನೀರಾಗಿರುತ್ತದೆ, ಜಾರಿ ಬಿದ್ದರೆ? ಮೀನು ಹಾಳಾಗಿ ಹೋಗಲಿ ಎಂದು ಹೇಳಬೇಕಿತ್ತು. ಯಾಕೆ ಹೇಳಲಿಲ್ಲ? ಒಂದು ಬಿಡುವಿನಲ್ಲಿ ಮನೆಗೆ ಕರೆ ಮಾಡಿದ. ಯಾರೂ ಎತ್ತಲಿಲ್ಲ. ಮತ್ತೆ ಮಾಡಿದ.

ಕೊನೆಯ ದೀಪ ಆರಿದ್ದು ನಾಲ್ಕು ಗಂಟೆಗೆ. ಮ್ಯಾನೇಜರಿಗೆ ಮನೆಯಲ್ಲಿ ತುರ್ತು ಎಂದಷ್ಟೇ ಹೇಳಿ ಓಡಿದ.

ಬಾಗಿಲು ತೆಗೆದಾಗ ಮೊದಲು ಕಂಡದ್ದು ನೆಲದ ಮೇಲೆ ಸಾಲಾಗಿ ಹಾಸಿದ್ದ ಟವೆಲ್ಲುಗಳು. ಅತ್ತೆ ತಮ್ಮ ಕುರ್ಚಿಯನ್ನು ತೊಟ್ಟಿಗೆ ಒತ್ತಿ ಎಳೆದುಕೊಂಡು, ಕೂತೇ ಜಗ್ಗು ಎತ್ತುತ್ತಿದ್ದರು. ತೋಳಿನಿಂದ ಮಡಿಲವರೆಗೆ ಉಪ್ಪುನೀರು ಸುರಿದು ಬಟ್ಟೆ ಮೈಗಂಟಿತ್ತು. ಇಪ್ಪತ್ತು ಜಗ್ಗು, ನೂರು ಎಣಿಸುವವರೆಗೆ ವಿರಾಮ, ಮತ್ತೆ ಇಪ್ಪತ್ತು. ಹಾಗೆ ಲೆಕ್ಕ ಹಾಕಿಕೊಂಡಿದ್ದರಂತೆ. ಫೋನು ಬಡಿದುಕೊಂಡದ್ದು ಕೇಳಿಸಿತು, ಆದರೆ ಕೈ ಖಾಲಿಯಿರಲಿಲ್ಲ ಎಂದರು. ಅವನು ಜಗ್ಗು ತೆಗೆದುಕೊಳ್ಳಲು ಹೋದರೆ ಅವರ ಬೆರಳುಗಳು ಹಿಡಿಯಿಂದ ಬಿಡಿಸಿಕೊಳ್ಳಲಿಲ್ಲ. ಒಂದೊಂದಾಗಿ ಅವನೇ ಬಿಡಿಸಿದ. ಗಂಡು ಮೀನು ಸೂಜಿಡಬ್ಬಿಯ ಮುಳ್ಳುಗಳ ನಡುವೆ ತಲೆ ಕೆಳಗಾಗಿ ನಿಂತಿತ್ತು. ಕಿವಿರು ಬಡಿದುಕೊಳ್ಳುತ್ತಿತ್ತು. ಬಾಯಿ ಮುಚ್ಚಿಯೇ ಇತ್ತು.

ಅವನು ಸ್ಟೂಲು ಎಳೆದುಕೊಂಡು ಎಡಗೈಯಲ್ಲಿ ಸುರಿಯತೊಡಗಿದ. ನೀರಿನ ಸದ್ದಿನ ನಡುವೆ, ಮುಖ ತಿರುಗಿಸದೆ, "ಆ ನಲ್ಲಿ ಕೆಡಿಸಿದ್ದು ನಾನೇ ಅತ್ತೆ" ಎಂದ.

"ಯಾವ ನಲ್ಲಿ?"

ಅವನು ವಿವರಿಸಿದ. ಅವರಿಗೆ ನಿಜಕ್ಕೂ ನೆನಪಿರಲಿಲ್ಲ. ಆ ಮನೆಯಲ್ಲಿ ಎಲ್ಲ ನಲ್ಲಿಗಳೂ ಸೋರುತ್ತಿದ್ದವಪ್ಪ ಎಂದರು. ಇಪ್ಪತ್ತೆಂಟು ವರ್ಷ! ಐದು ಗಂಟೆಗೆ ಕರೆಂಟು ಬಂದು ಪಂಪು ಗರಗರ ಎಂದಾಗ ಇಬ್ಬರೂ ನೆಲಕ್ಕೆ ಚೆಲ್ಲಿದ ನೀರಿನಲ್ಲಿ ಪಾದ ನೆನೆಸಿಕೊಂಡು ಕೂತಿದ್ದರು. ಕೆಲಸ ಮುಗಿಸಿ ಬಂದ ಹೆಂಡತಿ ತಾಯಿಯನ್ನೂ ಗಂಡನನ್ನೂ ನೋಡಿ, ಹನ್ನೊಂದು ಟವೆಲ್ಲು ನೋಡಿ, ಇಲ್ಲೂ ನನಗೆ ಲಾಂಡ್ರಿಯೇ ಎಂದಳು.

ಮಾರನೆಯ ಬೆಳಿಗ್ಗೆ ಅತ್ತೆಯ ಬಲಗೈ ಮಣಿಕಟ್ಟು ಊದಿಕೊಂಡಿತ್ತು. ಅವನು ಬಿಸಿನೀರಿನ ಬಟ್ಟೆ ಒತ್ತುತ್ತಿದ್ದಾಗ ಅವರು ಗದ್ದದಿಂದ ತೊಟ್ಟಿಯ ಕಡೆ ತೋರಿಸಿದರು. ಮುಳ್ಳುಗಳ ನಡುವೆ, ಅಕ್ಕಿಕಾಳಿಗಿಂತ ತುಸು ದೊಡ್ಡದಾಗಿ, ಪಟ್ಟೆ ಚುಕ್ಕೆ ಎಲ್ಲ ಇದ್ದ ಪುಟ್ಟ ಮೀನುಗಳು ನಿಂತಿದ್ದವು. ಎಣಿಸಿದರೆ ಹನ್ನೊಂದು. ಇನ್ನೂ ಎಷ್ಟೋ ಇದ್ದಿರಬೇಕು, ಆ ಗಲಾಟೆಯಲ್ಲಿ ಗಂಡು ನುಂಗಿತೋ ಹೆಣ್ಣು ತಿಂದಿತೋ ಗೊತ್ತಿಲ್ಲ ಎಂದಳು ಅಂಗಡಿಯವಳು. ಮರಿಗಳಿಗೆ ಜೀವಂತ ಸಿಗಡಿಮರಿಯೇ ಬೇಕು, ಅದನ್ನು ಬಾಟಲಿಯಲ್ಲಿ ಮೊಟ್ಟೆ ಹಾಕಿ ದಿನಾ ಹೊಸದಾಗಿ ಮರಿ ಮಾಡಿಸಬೇಕು. ಕೊನೆಗೂ ಮಾಡಬೇಕಾದ್ದೊಂದು ಸಿಕ್ಕಿತೆಂದು ಅವನು ಆರು ಬಾಟಲಿ ತಲೆಕೆಳಗು ಮಾಡಿ ಸಾಲಾಗಿ ನೇತುಹಾಕಿದ. ಎಷ್ಟು ಮಾಡಿದರೂ ದಿನಕ್ಕೊಂದು ಮೀನುಮರಿ ಕಡಿಮೆಯಾಗುತ್ತಾ ಬಂತು. ಪ್ರತಿ ಸಲವೂ ಅವನು ತನ್ನದೇ ತಪ್ಪೆಂದು ತೊಳಲಾಡಿದ, ನೀರು ಪರೀಕ್ಷಿಸಿದ, ರಾತ್ರಿ ಊಟ ಬಿಟ್ಟ. ಉಳಿದದ್ದು ಮೂರು. ಅವು ಉಳಿದವು, ಬೆಳೆದವು. ಗಂಡು ಮೂರನೇ ದಿನವೇ ಸಿಗಡಿಗೆ ಬಾಯಿ ಹಾಕಿತ್ತು.

ವರ್ಷ ತುಂಬಿದ ಮೇಲೆ ಡಾಕ್ಟರು ಭುಜ ತಿರುಗಿಸಿ ನೋಡಿ ಅಪ್ಪಣೆ ಕೊಟ್ಟರು. ಬುಗುರಿ ಮತ್ತೆ ಏಣಿ ಹತ್ತಿದ. ಗುಣವೇನೂ ಬದಲಾಗಲಿಲ್ಲ, ಮೆಟ್ಟಿಲು ಮಾತ್ರ ಈಗ ಒಂದೊಂದಾಗಿ ಇಳಿಯುತ್ತಾನೆ. ತೊಟ್ಟಿಯ ಪೂರ್ತಿ ಯಜಮಾನಿಕೆ ಅತ್ತೆಯದ್ದು. ಅವರನ್ನು ಕೇಳದೆ ಒಂದು ಕಲ್ಲು ಸರಿಸುವ ಹಾಗಿಲ್ಲ. ಲಿಫ್ಟಿನ ಗುಂಡಿಯಲ್ಲಿ ಮೊಬೈಲಿಗೆ ಸಿಗ್ನಲ್ ಸಿಗುವುದಿಲ್ಲವೆಂದು ಅವರು ಮಧ್ಯಾಹ್ನ ಎರಡಕ್ಕೆ ಸರಿಯಾಗಿ ತುರ್ತು ಮೇಜಿಗೆ ಕರೆ ಮಾಡುತ್ತಾರೆ. ಅಲ್ಲಿ ಈಗ ಕೂತಿರುವ ಹುಡುಗಿ ಮೊದಮೊದಲು ಮ್ಯಾನೇಜರಿಗೆ ದೂರಿದಳು, ಬುಗುರಿ ಕ್ಷಮೆ ಕೇಳಿ ಪತ್ರ ಬರೆದುಕೊಟ್ಟ. ಅತ್ತೆ ಬಿಡಲಿಲ್ಲ, ಹುಡುಗಿಯೇ ಸೋತಳು. ಎರಡು ದಾಟಿ ಐದು ನಿಮಿಷಕ್ಕೆ ಅವನ ಸೊಂಟದ ವಾಕಿಟಾಕಿ ಕರಕರ ಎನ್ನುತ್ತದೆ: ಬುಗುರಿಯಣ್ಣ, ಯಾರೂ ಸಿಕ್ಕಿಕೊಂಡಿಲ್ಲ, ಐದೂ ತಿಂದಿವೆ.

ಎರಡೂ ಹತ್ತಾದರೂ ಅದು ಬಾರದ ದಿನ ಅವನು ಸ್ಪ್ಯಾನರ್ ಕೆಳಗಿಟ್ಟು, ಏಣಿ ಹತ್ತಿ, ಸಿಗ್ನಲ್ ಹುಡುಕಿಕೊಂಡು ರಸ್ತೆಗೆ ಬರುತ್ತಾನೆ.